ದೀನಾರವೆಂಬ ಹೆಸರು

ಗೃಹಸ್ಥರ ಮನೆಗಳಲ್ಲಿ ಬೆಳಗಾದರೆ ಕಿವಿಗೆ ಬೀಳುವ ಮಾತುಗಳಲ್ಲಿ ಹಣ, ದುಡ್ಡು, ಕಾಸು ಎಂಬಿವು ಮೂರು. ಹಾಲಿನವನಿಗೆ ದುಡ್ಡು ಕೊಡಬೇಕು, ಮಗನ ಶಾಲೆಗೆ ಹಣ ಕಟ್ಟಬೇಕು, ಕೈಯಲ್ಲಿ ಕಾಸಿಲ್ಲ ಎಂದು ನಾವು ನಿತ್ಯವೂ ಆಡುತ್ತೇವೆ. ಈ ಮೂರೂ ಒಂದು ಕಾಲದಲ್ಲಿ ಬೇರೆ ಬೇರೆ ನಾಣ್ಯಗಳ ಹೆಸರುಗಳಾಗಿದ್ದವು. ಹಣವೆಂಬುದು ಕಡಲೆಬೇಳೆಯಷ್ಟು ಗಾತ್ರದ ಚಿನ್ನದ ನಾಣ್ಯ; ದುಡ್ಡೂ ಕಾಸೂ ತಾಮ್ರದವು. ಅವು ಚಲಾವಣೆಯಿಂದ ಹೋಗಿ ಬಹುಕಾಲವಾಯಿತು. ಈಗಂತೂ ತುಮಕೂರಿನ ಪೇಟೆಯಲ್ಲಿ ಸೊಪ್ಪು ಮಾರುವವರೂ ಕೈಯ ಫೋನಿನ ಮೂಲಕವೇ ಬೆಲೆಯನ್ನು ಪಡೆಯುತ್ತಾರೆ; ಲೋಹದ ಚೂರೊಂದೂ ಕೈಯಿಂದ ಕೈಗೆ ಹೋಗುವುದಿಲ್ಲ. ಆದರೂ ಹೆಸರುಗಳು ಮಾತ್ರ ನಮ್ಮ ನಾಲಗೆಯನ್ನು ಬಿಟ್ಟಿಲ್ಲ. ಲೋಹ ಸವೆಯುತ್ತದೆ, ತೂಕ ಇಳಿಯುತ್ತದೆ, ರಾಜ್ಯಗಳು ಅಳಿಯುತ್ತವೆ, ಹೆಸರು ಉಳಿಯುತ್ತದೆ.

ಈ ಮಾತಿಗೆ ಲೋಕದಲ್ಲಿ ಅತ್ಯಂತ ದೊಡ್ಡ ದೃಷ್ಟಾಂತವೆಂದರೆ ಪುರಾತನ ರೋಮನರ ಒಂದು ಸಣ್ಣ ಬೆಳ್ಳಿಯ ನಾಣ್ಯ. ಅದರ ಹೆಸರು ಸಮುದ್ರವನ್ನು ದಾಟಿ ಬಂದು ನಮ್ಮ ಸಂಸ್ಕೃತ ಕೋಶಗಳಲ್ಲಿ ಸ್ಥಾನವನ್ನು ಪಡೆಯಿತು. ಆ ನಾಣ್ಯವೂ ನಮ್ಮ ನೆಲಕ್ಕೆ ಬಂದು ಮಣ್ಣಿನಲ್ಲಿ ಅಡಗಿ ಕುಳಿತಿತು. ತುಮಕೂರು, ಗುಬ್ಬಿಗಳಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ದಾರಿಯಲ್ಲಿ ಯಶವಂತಪುರವನ್ನು ದಾಟುತ್ತಾರಷ್ಟೆ. ಅಲ್ಲಿ ೧೮೯೧ರಲ್ಲಿ ರೈಲುಹಾದಿಗಾಗಿ ಮಣ್ಣು ಅಗೆಯುತ್ತಿದ್ದಾಗ ಅಂತಹ ೧೬೩ ನಾಣ್ಯಗಳು ದೊರೆತವು. ಅವು ಯಾವುವು, ಅವುಗಳಿಗೆ ಆ ಹೆಸರು ಹೇಗೆ ಬಂದಿತು, ಅದರಿಂದ ನಮಗೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮಲ್ಲಿಯೇ ನಾಣ್ಯಗಳಿಗೆ ಹೆಸರುಗಳು ಬಂದ ಬಗೆಯನ್ನು ನೋಡೋಣ. ಕೆಲವಕ್ಕೆ ಅಚ್ಚಿನ ಮೇಲಿನ ಚಿತ್ರದಿಂದ ಹೆಸರು. ಚಾಳುಕ್ಯರ ಲಾಂಛನವಾದ ವರಾಹದಿಂದ 'ವರಹ' ಎಂಬ ಹೆಸರು ಹುಟ್ಟಿತು. ಆ ಬಳಿಕ ವಿಜಯನಗರದವರೂ ಇಕ್ಕೇರಿಯವರೂ ಅದೇ ಬಗೆಯ ಚಿನ್ನದ ನಾಣ್ಯದ ಮೇಲೆ ಉಮಾಮಹೇಶ್ವರರ ಮೂರ್ತಿಯನ್ನು ಒತ್ತಿಸಿದರು. ಹಂದಿಯ ಚಿತ್ರ ಹೋಯಿತು, ವರಹವೆಂಬ ಹೆಸರು ಹೋಗಲಿಲ್ಲ. ನಮ್ಮ ಅಜ್ಜಿಯರ ಕೊರಳಿನ ಪುತಳಿ ಸರಕ್ಕೂ ನಾಣ್ಯದ ಮೇಲಿನ ಬೊಂಬೆಯ ಚಿತ್ರದಿಂದಲೇ ಆ ಹೆಸರು. ಇನ್ನು ಕೆಲವಕ್ಕೆ ತೂಕದಿಂದ ಹೆಸರು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ೧೯೦೪ರಲ್ಲಿ ತಮ್ಮ ಎಪಿಗ್ರಾಫಿಯಾ ಕರ್ನಾಟಿಕದ ೧೨ನೆಯ ಸಂಪುಟವಾಗಿ ಅಚ್ಚು ಹಾಕಿಸಿದರು; ಅವುಗಳಲ್ಲಿ ದಾನದತ್ತಿಗಳ ಲೆಕ್ಕದಲ್ಲಿ ಬರುವ 'ಗದ್ಯಾಣ'ವು ನಾಣ್ಯದ ಹೆಸರೂ ಹೌದು, ಚಿನ್ನದ ತೂಕದ ಹೆಸರೂ ಹೌದು. ಮತ್ತೆ ಕೆಲವಕ್ಕೆ ದೊರೆಯ ಹೆಸರೇ ಹೆಸರು. ೧೬೩೮ರಿಂದ ೧೬೫೯ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರ ಹಣವು 'ಕಂಠೀರಾಯ ಹಣ'ವಾಯಿತು. ಹತ್ತು ಕಂಠೀರಾಯ ಹಣಕ್ಕೆ ಒಂದು ಕಂಠೀರಾಯ ವರಹವೆಂಬ ಲೆಕ್ಕವು ಬಹುಕಾಲ ನಡೆಯಿತು. ಈ 'ಹತ್ತಕ್ಕೆ ಒಂದು' ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ರೂಪಾಯಿಯೆಂಬ ಶಬ್ದ. 'ರೂಪ್ಯ'ವೆಂಬುದಕ್ಕೆ ಅಚ್ಚೊತ್ತಿದುದು ಎಂದು ಅರ್ಥ. 'ರೂಪ' ಶಬ್ದದಿಂದ, ಬಡಿದು ಒತ್ತಿದ್ದು ಎಂಬ ಅರ್ಥದಲ್ಲಿ, ಈ ಪದವು ಹೇಗೆ ಸಿದ್ಧವಾಗುತ್ತದೆಂಬುದನ್ನು ಪಾಣಿನಿಯು ಒಂದು ಸೂತ್ರದಲ್ಲಿ ಹೇಳಿರುವನು. ಮುದ್ರೆಯಿಂದ ಬಂದ ಈ ಹೆಸರು ಮುಂದೆ ಬೆಳ್ಳಿಗೇ ಹೆಸರಾಯಿತು. ಇಂದು ಅದು ಬೆಳ್ಳಿಯ ಸೋಂಕೇ ಇಲ್ಲದ ಕಾಗದಕ್ಕೂ ಹೆಸರಾಗಿದೆ.

ರೋಮನರಲ್ಲಿಯೂ ನಡೆದದ್ದು ಇದೇ. ಅವರಿಗೆ ಮೊದಲಿಗೆ ನಾಣ್ಯವೇ ಇರಲಿಲ್ಲ. ದನಕರುಗಳೇ ಸಂಪತ್ತು, ದಂಡವನ್ನು ತೆರುವುದೂ ದನಗಳ ಲೆಕ್ಕದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ದನಕ್ಕೆ 'ಪೆಕುಸ್' ಎಂದು ಹೆಸರು; ಅದು ನಮ್ಮ 'ಪಶು' ಶಬ್ದದ ಒಡಹುಟ್ಟು. ಆ ಪೆಕುಸ್ ಎಂಬುದರಿಂದಲೇ ಅವರ ಭಾಷೆಯಲ್ಲಿ ಹಣಕ್ಕೆ 'ಪೆಕೂನಿಯ' ಎಂಬ ಹೆಸರು ಬಂದಿತು. ಇದನ್ನು ಓದಿ ಕನ್ನಡಿಗರು ಆಶ್ಚರ್ಯಪಡಬೇಕಾದುದಿಲ್ಲ. ಸಂಸ್ಕೃತದ 'ಧನ' ಶಬ್ದದ ತದ್ಭವವೇ ನಮ್ಮ 'ದನ'. ಅವರು ದನದಿಂದ ಹಣಕ್ಕೆ ಹೋದರು. ನಾವು ಧನದಿಂದ ದನಕ್ಕೆ ಬಂದೆವು. ಕೊಟ್ಟಿಗೆಯೇ ಮೊದಲನೆಯ ಬೊಕ್ಕಸವೆಂಬ ತಿಳಿವಳಿಕೆ ಎರಡು ಕಡೆಗಳಲ್ಲಿಯೂ ಒಂದೇ.

ದನಗಳ ತರುವಾಯ ಕಂಚಿನ ಗಟ್ಟಿಗಳು ಬಂದವು. ಒಂದು ರೋಮನ್ ಪೌಂಡು ತೂಕದ ಕಂಚಿಗೆ 'ಆಸ್' ಎಂದು ಹೆಸರು. ದೊಡ್ಡ ಮೊತ್ತವನ್ನು ಕೊಡಬೇಕಾದವನು ಕಂಚನ್ನು ಬಂಡಿಯಲ್ಲಿ ಹೇರಿಕೊಂಡು ಹೋಗಬೇಕಾಗಿತ್ತು. ದಕ್ಷಿಣ ಇಟಲಿಯಲ್ಲಿ ನೆಲಸಿದ್ದ ಗ್ರೀಕರ ಪಟ್ಟಣಗಳಲ್ಲಾದರೋ ಅಂದವಾದ ಬೆಳ್ಳಿಯ ನಾಣ್ಯಗಳು ಆಗಲೇ ನಡೆಯುತ್ತಿದ್ದವು. ರೋಮನರು ಅವರೊಡನೆ ಯುದ್ಧವನ್ನೂ ವ್ಯಾಪಾರವನ್ನೂ ಮಾಡಿದರು, ಕ್ರಿ. ಪೂ. ಮೂರನೆಯ ಶತಮಾನದ ಆರಂಭದ ಸುಮಾರಿಗೆ ಅವರಂತೆಯೇ ಬೆಳ್ಳಿಯನ್ನು ಅಚ್ಚು ಹಾಕಿಸಿದರು. ಹೆಣ್ಣು ತೋಳವೊಂದು ರೋಮ್ ನಗರವನ್ನು ಸ್ಥಾಪಿಸಿದ ಅವಳಿ ಮಕ್ಕಳಿಗೆ ಹಾಲೂಡುತ್ತಿರುವ ಚಿತ್ರವುಳ್ಳ ನಾಣ್ಯವು ಆ ಕಾಲದ್ದು.

ಈ ಮೊದಲನೆಯ ಬೆಳ್ಳಿಯ ನಾಣ್ಯಗಳಿಗೆ ಜನರು ಇಟ್ಟ ಹೆಸರುಗಳು ನಮ್ಮ ವರಹದಂತೆ ಚಿತ್ರದಿಂದ ಹುಟ್ಟಿದವು. ನಾಲ್ಕು ಕುದುರೆಗಳ ರಥದ ಚಿತ್ರವಿದ್ದ ನಾಣ್ಯವು 'ಕ್ವಾದ್ರಿಗಾಟುಸ್'. ಮೊದಲಿನ 'ಕ್ವಾದ್ರಿ' ಎಂಬುದು ನಮ್ಮ 'ಚತುರ್' ಶಬ್ದವೇ. ಮುಂದೆ ಎರಡು ಕುದುರೆಗಳ ರಥವಿದ್ದುದು 'ಬಿಗಾಟುಸ್'. ಅದರ 'ಬಿ' ಎಂಬುದು ನಮ್ಮ 'ದ್ವಿ'. ವಿಜಯಲಕ್ಷ್ಮಿಯ ಚಿತ್ರವಿದ್ದುದು 'ವಿಕ್ಟೋರಿಯಾಟುಸ್'. ಅಂಚಿನಲ್ಲಿ ಗರಗಸದ ಹಲ್ಲಿನಂತೆ ಕಚ್ಚುಗಳನ್ನು ಮಾಡಿದುದು 'ಸೆರ್ರಾಟುಸ್', ಎಂದರೆ ಗರಗಸದ್ದು. ಓದುಬರಹವನ್ನು ಅರಿಯದವನೂ ಚಿತ್ರವನ್ನು ನೋಡಿ ನಾಣ್ಯವನ್ನು ಗುರುತಿಸಬಲ್ಲನಾದುದರಿಂದ ಇಂತಹ ಹೆಸರುಗಳು ಪೇಟೆಯಲ್ಲಿ ಬೇಗ ನಿಲ್ಲುತ್ತವೆ.

ಆದರೆ ನಮ್ಮ ಕಥಾನಾಯಕನಾದ ನಾಣ್ಯಕ್ಕೆ ಹೆಸರು ಬಂದುದು ಚಿತ್ರದಿಂದಲ್ಲ, ಎಣಿಕೆಯಿಂದ. ಕ್ರಿ. ಪೂ. ೨೧೮ರಲ್ಲಿ ಕಾರ್ಥೇಜಿನ ಸೇನಾಪತಿಯಾದ ಹ್ಯಾನಿಬಲ್ಲನು ಆನೆಗಳೊಡನೆ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಇಳಿದನು. ರೋಮನರು ಸೋಲಿನ ಮೇಲೆ ಸೋಲನ್ನು ಕಂಡರು, ಬೊಕ್ಕಸ ಬರಿದಾಯಿತು, ಕ್ವಾದ್ರಿಗಾಟುಸ್ ನಾಣ್ಯದಲ್ಲಿ ಬೆಳ್ಳಿ ಕುಗ್ಗಿ ಬೆರಕೆ ಹೆಚ್ಚಿತು, ಕಂಚಿನ ಆಸ್ ತನ್ನ ಪೌಂಡು ತೂಕವನ್ನು ಎಂದೋ ಕಳೆದುಕೊಂಡಿತು. ಆ ಸಂಕಟದ ನಡುವೆ, ಸುಮಾರು ಕ್ರಿ. ಪೂ. ೨೧೧ರಲ್ಲಿ, ಅವರು ಹಳೆಯದನ್ನು ಬಿಟ್ಟು ಉತ್ತಮವಾದ ಬೆಳ್ಳಿಯಿಂದ ಒಂದು ಹೊಸ ನಾಣ್ಯವನ್ನು ಹೊರಡಿಸಿದರು. ಅದರ ಬೆಲೆ ಹತ್ತು ಆಸ್. ಹತ್ತಕ್ಕೆ ಲ್ಯಾಟಿನ್ನಿನಲ್ಲಿ 'ದೆಕೆಮ್', ನಮ್ಮ 'ದಶ'. ಹತ್ತು ಹತ್ತಾಗಿ ಎಂಬುದಕ್ಕೆ 'ದೇನಿ'. ಹತ್ತನ್ನುಳ್ಳುದು 'ದೇನಾರಿಯುಸ್'. ಹತ್ತು ಹಣಕ್ಕೆ ಒಂದು ವರಹವೆಂದ ನಮ್ಮ ಹಿರಿಯರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ.

ಒಂದು ರೋಮನ್ ಪೌಂಡು ಬೆಳ್ಳಿಯಲ್ಲಿ ೭೨ ದೇನಾರಿಯುಸ್‌ಗಳು. ಒಂದೊಂದರ ತೂಕ ಸುಮಾರು ನಾಲ್ಕೂವರೆ ಗ್ರಾಂ. ನಮ್ಮ ಹಳೆಯ ಬೆಳ್ಳಿಯ ನಾಲ್ಕಾಣೆಗಿಂತ ಹೆಚ್ಚು, ಎಂಟಾಣೆಗಿಂತ ಕಡಿಮೆ. ಒಂದು ಮುಖದಲ್ಲಿ ಶಿರಸ್ತ್ರಾಣವನ್ನು ಧರಿಸಿದ ರೋಮಾದೇವಿಯ ತಲೆ. ಅದರ ಹಿಂದೆ ಒಂದನ್ನೊಂದು ಓರೆಯಾಗಿ ಕತ್ತರಿಸುವ ಎರಡು ಗೆರೆಗಳು, ಎಂದರೆ ಅವರ ಹತ್ತರ ಅಂಕಿ. ಇನ್ನೊಂದು ಮುಖದಲ್ಲಿ ಕುದುರೆಗಳನ್ನೇರಿ ಓಡುತ್ತಿರುವ ಅವಳಿ ದೇವತೆಗಳು. ಅವರು ಆಕಾಶದೇವನ ಮಕ್ಕಳು, ಆಪತ್ತಿನಲ್ಲಿ ಬಂದು ಕಾಪಾಡುವವರು. ನಮ್ಮ ಅಶ್ವಿನೀದೇವತೆಗಳನ್ನು ಬಲ್ಲವರಿಗೆ ಈ ಚಿತ್ರವು ಪರಕೀಯವೆಂದು ತೋರದು.

ದೇನಾರಿಯುಸ್ಸಿನ ಜೊತೆಯಲ್ಲಿ ಎರಡು ಕಿರಿಯ ಬೆಳ್ಳಿಯ ನಾಣ್ಯಗಳೂ ಹೊರಟವು. ಅದರ ಅರ್ಧವಾದ, ಐದು ಆಸ್ ಬೆಲೆಯದು 'ಕ್ವಿನಾರಿಯುಸ್'; ಅವರ 'ಕ್ವಿಂಕ್ವೆ' ನಮ್ಮ 'ಪಂಚ'. ಅದರ ಕಾಲುಭಾಗವಾದ, ಎರಡೂವರೆ ಆಸ್ ಬೆಲೆಯದು 'ಸೆಸ್ಟೆರ್ಟಿಯುಸ್'. ಈ ಕಡೆಯ ಹೆಸರು ವ್ಯಾಕರಣವನ್ನು ಬಲ್ಲವರಿಗೆ ಸಂತೋಷವನ್ನುಂಟುಮಾಡತಕ್ಕದ್ದು. 'ಸೆಮಿಸ್' ಎಂದರೆ ಅರ್ಧ, 'ಟೆರ್ಟಿಯುಸ್' ಎಂದರೆ ಮೂರನೆಯದು. ಎರಡು ಪೂರ್ಣ, ಮೂರನೆಯದು ಅರ್ಧ, ಆದಕಾರಣ ಎರಡೂವರೆ. ಸಂಸ್ಕೃತದಲ್ಲಿಯೂ ಎರಡೂವರೆಗೆ 'ಅರ್ಧತೃತೀಯ' ಎಂದೇ ಹೇಳುವುದು ಪದ್ಧತಿ. ಒಬ್ಬರನ್ನೊಬ್ಬರು ನೋಡದ ಇಬ್ಬರು ಲೆಕ್ಕಿಗರು ಅರ್ಧವನ್ನು ಎಣಿಸುವುದಕ್ಕೆ ಒಂದೇ ಉಪಾಯವನ್ನು ಹಿಡಿದರೆಂದರೆ, ಆ ಉಪಾಯವು ಇಬ್ಬರಿಗೂ ಒಂದೇ ತಾಯಿಭಾಷೆಯಿಂದ ಬಂದ ಆಸ್ತಿಯೆಂದು ಊಹಿಸಬಹುದು.

ಸುಮಾರು ಕ್ರಿ. ಪೂ. ೧೪೧ರಲ್ಲಿ ಕಂಚಿನ ಬೆಲೆ ಇಳಿದುದರಿಂದ ಒಂದು ದೇನಾರಿಯುಸ್ಸಿಗೆ ೧೬ ಆಸ್ ಎಂದು ಗೊತ್ತುಮಾಡಿದರು. ಕೆಲವು ಕಾಲ ನಾಣ್ಯದ ಮೇಲೆ ಹತ್ತರ ಅಂಕಿಯ ಬದಲು ಹದಿನಾರರ ಅಂಕಿಯನ್ನೂ ಒತ್ತಿದರು. ಆದರೆ ಹೆಸರನ್ನು ಯಾರೂ ತಿದ್ದಲಿಲ್ಲ. ಹದಿನಾರಾದ ಮೇಲೂ ಅದು 'ಹತ್ತರದು' ಎಂದೇ ಕರೆಸಿಕೊಂಡಿತು. ಹಂದಿ ಇಲ್ಲದ ವರಹ, ಹತ್ತು ಇಲ್ಲದ ದೇನಾರಿಯುಸ್: ಎರಡರ ನ್ಯಾಯವೂ ಒಂದೇ.

ಈ ನಾಣ್ಯಗಳನ್ನು ಅಚ್ಚು ಹಾಕುತ್ತಿದ್ದ ಕಮ್ಮಟವು ರೋಮಿನ ಕ್ಯಾಪಿಟೋಲ್ ಗುಡ್ಡದ ಮೇಲೆ ಜೂನೋ ಮೊನೇಟಾ ಎಂಬ ದೇವಿಯ ಗುಡಿಯ ಬಳಿಯಲ್ಲಿತ್ತು. ಮೊನೇಟಾ ಎಂದರೆ ಎಚ್ಚರಿಕೆ ಕೊಡುವವಳು ಎಂದು ಪೂರ್ವಿಕರು ಅರ್ಥ ಹೇಳಿದರು. ಗುಡಿಯ ಹೆಸರು ಕಮ್ಮಟಕ್ಕೂ, ಕಮ್ಮಟದ ಹೆಸರು ನಾಣ್ಯಕ್ಕೂ ಅಂಟಿಕೊಂಡು, ಇಂಗ್ಲಿಷಿನವರ 'ಮನಿ' ಎಂಬ ಮಾತು ಆ ದೇವಿಯಿಂದಲೇ ಬಂದಿತು. ಕ್ರಿ. ಪೂ. ೪೬ರ ಒಂದು ದೇನಾರಿಯುಸ್ಸಿನ ಮೇಲೆ ಒಂದು ಕಡೆ ಮೊನೇಟಾದೇವಿಯ ಮುಖವೂ ಇನ್ನೊಂದು ಕಡೆ ಅಡಿಗಲ್ಲು, ಸುತ್ತಿಗೆ, ಇಕ್ಕಳಗಳೂ ಕಾಣುತ್ತವೆ. ಅಕ್ಕಸಾಲಿಗರ ಮನೆಯ ಸಾಮಾನುಗಳೇ. ನಮ್ಮ 'ನಾಣ್ಯ' ಶಬ್ದಕ್ಕೆ ಮೂಲವಾದ 'ನಾಣಕ'ವು ಕುಷಾಣರ ನಾಣ್ಯಗಳ ಮೇಲಿನ ನನಾ ಎಂಬ ದೇವಿಯ ಹೆಸರಿನಿಂದ ಬಂದಿತೆಂದು ಹೇಳುವ ವಿದ್ವಾಂಸರೂ ಉಂಟು.

ಇಲ್ಲಿ ವಾಚಕರಿಗೆ ಒಂದು ಪ್ರಶ್ನೆ ಹುಟ್ಟಬಹುದು. ದೇನಾರಿಯುಸ್ಸು ಕ್ರಿ. ಪೂ. ೨೧೧ರಲ್ಲಿ ಹುಟ್ಟಿತೆಂದು ತಿಳಿಯುವುದು ಹೇಗೆ? ನಾಣ್ಯದ ಮೇಲೆ ವರ್ಷವನ್ನು ಬರೆದಿಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ಪ್ಲಿನಿಯೆಂಬ ಗ್ರಂಥಕರ್ತನು ರೋಮನರು ಬೆಳ್ಳಿಯನ್ನು ಮೊದಲು ಅಚ್ಚು ಹಾಕಿಸಿದುದು ನಮ್ಮ ಲೆಕ್ಕದಂತೆ ಕ್ರಿ. ಪೂ. ೨೬೯ರಲ್ಲಿ ಎಂದು ಬರೆದಿರುವನು. ಅದೇ ದೇನಾರಿಯುಸ್ಸಿನ ಜನ್ಮವರ್ಷವೆಂದು ಬಹುಜನರು ನಂಬಿದ್ದರು. ಇಪ್ಪತ್ತನೆಯ ಶತಮಾನದ ಕೆಲವು ಪಂಡಿತರು ಅದನ್ನು ಕ್ರಿ. ಪೂ. ೧೮೭ಕ್ಕೆ ಇಳಿಸಿದರು. ವಾದವು ಗ್ರಂಥಗಳಿಂದ ತೀರಲಿಲ್ಲ; ತೀರಿದುದು ಮಣ್ಣಿನಿಂದ. ಸಿಸಿಲಿ ದ್ವೀಪದಲ್ಲಿ ಮೋರ್ಗಾಂಟೀನಾ ಎಂಬ ಊರುಂಟು. ಕಾರ್ಥೇಜಿನವರ ಪಕ್ಷವನ್ನು ಹಿಡಿದ ಆ ಊರನ್ನು ರೋಮನರು ಕ್ರಿ. ಪೂ. ೨೧೧ರಲ್ಲಿ ಹಿಡಿದು ಹಾಳುಮಾಡಿದರು. ೧೯೫೫ರಿಂದ ಅಲ್ಲಿ ಅಗೆದು ನೋಡಿದವರಿಗೆ ಆ ನಾಶದ ಪದರದಲ್ಲಿಯೇ ಈ ಹೊಸ ಬೆಳ್ಳಿಯ ನಾಣ್ಯಗಳು ಸಿಕ್ಕಿದವು. ನಾಣ್ಯವು ಎಲ್ಲಿ, ಯಾವುದರ ಕೆಳಗೆ, ಯಾವುದರ ಜೊತೆಯಲ್ಲಿ ದೊರೆಯಿತೆಂಬುದನ್ನು ಬರೆದಿಟ್ಟುದರಿಂದ ಹಳೆಯ ವಿವಾದವು ಕೊನೆಗೊಂಡಿತು. ಅದೇ ನಾಣ್ಯಗಳನ್ನು ಯಾರಾದರೂ ಎತ್ತಿಕೊಂಡು ಹೋಗಿ ಅಂಗಡಿಯಲ್ಲಿ ಮಾರಿದ್ದರೆ ಬೆಳ್ಳಿ ಉಳಿಯುತ್ತಿತ್ತು, ಸಾಕ್ಷ್ಯ ಅಳಿಯುತ್ತಿತ್ತು.

ಇನ್ನು ಈ ನಾಣ್ಯಗಳು ನಮ್ಮ ದೇಶಕ್ಕೆ ಬಂದ ಸಂಗತಿ. ಕಾರಣ ಮುಖ್ಯವಾಗಿ ನಮ್ಮ ಅಡುಗೆಮನೆಯಲ್ಲಿಯೇ ಇರುವ ಮೆಣಸು. ಕ್ರಿಸ್ತಶಕದ ಆರಂಭದಲ್ಲಿ ಮುಂಗಾರು ಗಾಳಿಯ ನೆರವಿನಿಂದ ರೋಮನ್ ರಾಜ್ಯದ ಹಡಗುಗಳು ಪಶ್ಚಿಮ ಕರಾವಳಿಗೆ ಬಂದು ಮೆಣಸು, ಮುತ್ತು, ರತ್ನ, ನಯವಾದ ಬಟ್ಟೆಗಳನ್ನು ಕೊಂಡೊಯ್ಯುತ್ತಿದ್ದವು. ಆ ಕಾಲದ ಒಬ್ಬ ಗ್ರೀಕ್ ವರ್ತಕನು ಬರೆದ ಸಮುದ್ರಯಾನದ ಕೈಪಿಡಿಯಲ್ಲಿ, ಭರುಕಚ್ಛಕ್ಕೆ ಬರುವ ಸಾಮಾನುಗಳ ಪಟ್ಟಿಯೊಳಗೆ ಚಿನ್ನದ ಮತ್ತು ಬೆಳ್ಳಿಯ ದೇನಾರಿಯುಸ್‌ಗಳೂ ಸೇರಿವೆ. ಅವನ್ನು ಅಲ್ಲಿಯ ನಾಣ್ಯಕ್ಕೆ ಬದಲಾಯಿಸಿದರೆ ಲಾಭವುಂಟೆಂದು ಅವನು ಹೇಳುತ್ತಾನೆ. ಪ್ಲಿನಿಯು ರೋಮಿನ ಪೇಟೆಯ ಧಾರಣೆಯನ್ನೂ ಕೊಟ್ಟಿರುವನು: ಒಂದು ಪೌಂಡು ಕರಿಮೆಣಸಿಗೆ ೪ ದೇನಾರಿಯುಸ್, ಬಿಳಿಮೆಣಸಿಗೆ ೭, ಹಿಪ್ಪಲಿಗೆ ೧೫. ದ್ರಾಕ್ಷಿಯ ತೋಟದ ಆಳಿಗೆ ದಿನವೊಂದಕ್ಕೆ ಒಂದು ದೇನಾರಿಯುಸ್ ಕೂಲಿಯೆಂದು ಕ್ರೈಸ್ತರ ಧರ್ಮಗ್ರಂಥದ ಒಂದು ಕಥೆಯಲ್ಲಿ ಬರುತ್ತದೆ. ಹಾಗಾದರೆ ನಾಲ್ಕು ದಿನದ ದುಡಿಮೆಗೆ ಒಂದು ಪೌಂಡು ಕರಿಮೆಣಸು. ಭಾರತಕ್ಕೆ ವರ್ಷಂಪ್ರತಿ ಐದು ಕೋಟಿ ಸೆಸ್ಟೆರ್ಟಿಯುಸ್‌ಗಳು ಹರಿದುಹೋಗುತ್ತಿವೆಯೆಂದು ಪ್ಲಿನಿಯು ಗೊಣಗಿದುದರಲ್ಲಿ ಆಶ್ಚರ್ಯವೇನು?

ಹಾಗೆ ಬಂದ ಬೆಳ್ಳಿಯಲ್ಲಿ ಒಂದು ಪಾಲು ಕನ್ನಡನಾಡಿನ ಒಳನಾಡಿಗೂ ಬಂದಿತು. ಯಶವಂತಪುರದ ನಿಧಿಯಲ್ಲಿದ್ದವು ಆಗಸ್ಟಸ್, ಟೈಬೀರಿಯಸ್, ಗಾಯಸ್, ಕ್ಲಾಡಿಯಸ್ ಎಂಬ ಚಕ್ರವರ್ತಿಗಳ ಕಾಲದ ದೇನಾರಿಯುಸ್‌ಗಳು. ೧೯೬೫ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ ಇನ್ನೊಂದು ನಿಧಿ ಸಿಕ್ಕಿತು. ಅದರಲ್ಲಿ ೨೫೬ ನಾಣ್ಯಗಳು. ನಮ್ಮ ಜಿಲ್ಲೆಗೆ ನೆರೆಯಾದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರು ಪ್ರಾಚ್ಯ ಸಂಶೋಧನ ಇಲಾಖೆಯ ಎಂ. ಎಚ್. ಕೃಷ್ಣರವರು ೧೯೨೯ರಲ್ಲಿಯೂ, ವೀಲರ್ ಸಾಹೇಬರು ೧೯೪೭ರಲ್ಲಿಯೂ ಅಗೆತಗಳನ್ನು ನಡೆಸಿದರು. ಅಲ್ಲಿ ಶಾತವಾಹನರ ಸೀಸದ ನಾಣ್ಯಗಳ ನೆರೆಯಲ್ಲಿಯೇ ರೋಮನರ ಬೆಳ್ಳಿಯ ನಾಣ್ಯಗಳು ದೊರೆತವು. ರೋಮನ್ ಚಕ್ರವರ್ತಿಗಳ ಕಾಲವು ನಿಶ್ಚಿತವಾದುದರಿಂದ, ಅದೇ ಪದರದ ಮಡಕೆ, ಮಣಿ, ಇಟ್ಟಿಗೆಗಳಿಗೂ ಕಾಲವನ್ನು ಹೇಳುವುದು ಸಾಧ್ಯವಾಯಿತು. ನಮ್ಮ ನಾಡಿನ ಎರಡು ಸಾವಿರ ವರ್ಷಗಳ ಹಿಂದಿನ ಬಾಳಿಗೆ ಒಂದು ಪರದೇಶದ ನಾಣ್ಯವು ಪಂಚಾಂಗವಾಯಿತು.

ಭಾರತದ ನಿಧಿಗಳಲ್ಲಿ ಹೆಚ್ಚಾಗಿ ಸಿಕ್ಕುವವು ಎರಡು ಬಗೆ. ಆಗಸ್ಟಸನ ಮೊಮ್ಮಕ್ಕಳಿಬ್ಬರು ಗುರಾಣಿ ಭರ್ಜಿಗಳೊಡನೆ ನಿಂತಿರುವುದು ಒಂದು. ಟೈಬೀರಿಯಸನ ಮುಖವೂ ಹಿಂಬದಿಯಲ್ಲಿ ಕುಳಿತ ಸ್ತ್ರೀಮೂರ್ತಿಯೂ ಇರುವುದು ಇನ್ನೊಂದು. ಕ್ರಿ. ಶ. ೬೪ರಲ್ಲಿ ನೀರೊ ಚಕ್ರವರ್ತಿಯು ಪೌಂಡಿಗೆ ೯೬ ನಾಣ್ಯಗಳಾಗುವಂತೆ ತೂಕವನ್ನು ಇಳಿಸಿ, ಬೆಳ್ಳಿಗೆ ಬೆರಕೆಯನ್ನೂ ಮಾಡಿಸಿದನು. ನಮ್ಮ ವರ್ತಕರು ಒರೆಗಲ್ಲನ್ನು ಬಲ್ಲವರು. ಅವರು ಹಳೆಯ ಉತ್ತಮ ನಾಣ್ಯವನ್ನೇ ಬಯಸಿದರೆಂದು ನಿಧಿಗಳಿಂದ ತೋರುತ್ತದೆ. ಜರ್ಮನಿಯ ಕಾಡುಜನರೂ ಹಳೆಯ ಗರಗಸದ ನಾಣ್ಯವನ್ನೂ ಜೋಡಿಕುದುರೆಯ ನಾಣ್ಯವನ್ನೂ ಮಾತ್ರ ನಂಬುವರೆಂದು ಟ್ಯಾಸಿಟಸನೆಂಬ ಇತಿಹಾಸಕಾರನು ಕ್ರಿ. ಶ. ೯೮ರಲ್ಲಿ ಬರೆದನು. ಒಳ್ಳೆಯ ಬೆಳ್ಳಿಯನ್ನು ಗುರುತಿಸುವ ವಿವೇಕವು ಯಾವ ಒಂದು ಜನಾಂಗದ ಸ್ವತ್ತೂ ಅಲ್ಲ.

ನಾಣ್ಯದೊಡನೆ ಹೆಸರೂ ಬಂದಿತು. ಆದರೆ ಇಲ್ಲಿ ಒಂದು ವಿಚಿತ್ರ ನಡೆಯಿತು. ಬೆಳ್ಳಿಯ ಹೆಸರು ಚಿನ್ನಕ್ಕೆ ಸಂದಿತು. ರೋಮನರ ಚಿನ್ನದ ನಾಣ್ಯಕ್ಕೆ 'ಔರೆಯುಸ್' ಎಂದು ಹೆಸರು. ಅದು ೨೫ ಬೆಳ್ಳಿಯ ದೇನಾರಿಯುಸ್‌ಗಳಿಗೆ ಸಮ. ಅದನ್ನು ಪೂರ್ಣವಾಗಿ 'ದೇನಾರಿಯುಸ್ ಔರೆಯುಸ್', ಎಂದರೆ ಚಿನ್ನದ ದೇನಾರಿಯುಸ್, ಎಂದೂ ಹೇಳುತ್ತಿದ್ದರು. ಆ ಮಾತಿನ ಮೊದಲರ್ಧವು ನಮ್ಮಲ್ಲಿ ನಿಂತು 'ದೀನಾರ'ವಾಯಿತು. ಕುಷಾಣರು ರೋಮನರ ಔರೆಯುಸ್ಸಿಗೆ ಹತ್ತಿರದ ತೂಕದಲ್ಲಿ ಚಿನ್ನದ ನಾಣ್ಯಗಳನ್ನು ಹೊರಡಿಸಿದರು. ಗುಪ್ತರೂ ಆ ದಾರಿಯನ್ನು ಹಿಡಿದರು. ಕ್ರಿ. ಶ. ೪೧೨–೧೩ರ ಸಾಂಚಿಯ ಶಾಸನದಲ್ಲಿ, ಎರಡನೆಯ ಚಂದ್ರಗುಪ್ತನ ಸೇವೆಯಲ್ಲಿದ್ದವನೊಬ್ಬನು ಭಿಕ್ಷುಗಳ ಊಟಕ್ಕೂ ದೀಪಕ್ಕೂ ೨೫ ದೀನಾರಗಳನ್ನು ಇಟ್ಟ ವಿಷಯವಿದೆ. ಅಮರಸಿಂಹನು ತನ್ನ ಕೋಶದಲ್ಲಿ 'ನಿಷ್ಕ' ಶಬ್ದಕ್ಕೆ ಅರ್ಥಗಳನ್ನು ಹೇಳುತ್ತ ಎದೆಯ ಆಭರಣವನ್ನೂ ದೀನಾರವನ್ನೂ ಒಟ್ಟಿಗೆ ಸೇರಿಸಿರುವನು. ನಾಣ್ಯಕ್ಕೂ ಕೊರಳಿನ ಒಡವೆಗೂ ನಮ್ಮ ದೇಶದಲ್ಲಿ ಎಷ್ಟು ಹಳೆಯ ನೆಂಟಸ್ತಿಕೆಯೆಂಬುದಕ್ಕೆ ಇದು ಸಾಕ್ಷಿ. ಕಾಸಿನ ಸರವನ್ನು ಧರಿಸುವ ನಮ್ಮ ಮನೆಯ ಹೆಂಗಸರು ಆ ನೆಂಟಸ್ತಿಕೆಯನ್ನು ಈಗಲೂ ನಡೆಸಿಕೊಂಡು ಬರುತ್ತಿರುವರು.

ದೀನಾರವೆಂಬ ಈ ಒಂದು ಶಬ್ದದಿಂದ ಪಂಡಿತರಿಗೆ ಇನ್ನೊಂದು ಉಪಕಾರವಾಗಿದೆ. ಯಾವ ಸಂಸ್ಕೃತ ಗ್ರಂಥದಲ್ಲಿ ದೀನಾರದ ಮಾತು ಬರುವುದೋ ಆ ಭಾಗವು ರೋಮನರ ವ್ಯಾಪಾರಕ್ಕಿಂತ ಮುಂಚಿನದಾಗಿರಲಾರದು. ನಾರದಸ್ಮೃತಿಯಲ್ಲಿ ಆ ಶಬ್ದ ಬಂದಿರುವುದರಿಂದ ಅದರ ಕಾಲವನ್ನು ವಿಚಾರಿಸುವವರು ಈ ಆಧಾರವನ್ನು ಹಿಡಿದಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಹಣನ ರಾಜತರಂಗಿಣಿಯ ವೇಳೆಗೆ ಕಾಶ್ಮೀರದಲ್ಲಿ 'ದಿನ್ನಾರ'ವು ಲೆಕ್ಕದ ಹಣಕ್ಕೆಲ್ಲ ಹೆಸರಾಗಿ ಇಳಿದುಬಂದಿತ್ತು. ಬೆಳ್ಳಿಯ ಹೆಸರು ಚಿನ್ನಕ್ಕೆ ಏರಿ, ಕಡೆಗೆ ಬರಿಯ ಎಣಿಕೆಯಾಯಿತು.

ಪಶ್ಚಿಮದಲ್ಲಿಯೂ ಅದೇ ಗತಿ. ಇಟಲಿಯಲ್ಲಿ ಇಂದು ಹಣಕ್ಕೆ 'ದೆನಾರೊ' ಎನ್ನುತ್ತಾರೆ, ಸ್ಪೇನಿನಲ್ಲಿ 'ದಿನೇರೊ'. ಇಂಗ್ಲಿಷರು ೧೯೭೧ರವರೆಗೆ ತಮ್ಮ ಪೆನ್ನಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವಾಗ ದೇನಾರಿಯುಸ್ಸಿನ ಮೊದಲಕ್ಷರವನ್ನೇ ಗುರುತಾಗಿ ಹಾಕುತ್ತಿದ್ದರು. ಅರಬರು ಏಳನೆಯ ಶತಮಾನದ ಕಡೆಯಲ್ಲಿ ತಮ್ಮ ಚಿನ್ನದ ನಾಣ್ಯಕ್ಕೆ 'ದಿನಾರ್' ಎಂಬ ಹೆಸರನ್ನೇ ಉಳಿಸಿಕೊಂಡರು. ಕುವೈತ್, ಬಹರೈನ್ ದೇಶಗಳಿಗೆ ದುಡಿಯಲು ಹೋಗಿರುವ ನಮ್ಮ ಕನ್ನಡದ ಹುಡುಗರು ಈಗ ತಿಂಗಳ ಸಂಬಳವನ್ನು ದಿನಾರುಗಳಲ್ಲಿ ಎಣಿಸುತ್ತಾರೆ. ಯಶವಂತಪುರದ ಮಣ್ಣಿನಲ್ಲಿ ಸಿಕ್ಕ ನಾಣ್ಯದ ಹೆಸರೂ ಅದೇ ಎಂಬುದನ್ನು ಅವರ ತಾಯಿತಂದೆಗಳು ಪತ್ರದಲ್ಲಿ ಬರೆದು ತಿಳಿಸಬಹುದು.

ಇಷ್ಟೆಲ್ಲ ಹೇಳಿದುದು ವಿದ್ಯೆಯ ವಿನೋದಕ್ಕಾಗಿ ಮಾತ್ರವಲ್ಲ. ನಾನು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದಾಗ, ಒಬ್ಬ ವಿದ್ಯಾರ್ಥಿಯು ಒಂದು ಸಣ್ಣ ಬೆಳ್ಳಿಯ ಬಿಲ್ಲೆಯನ್ನು ತಂದು "ಮೇಷ್ಟ್ರೇ, ಇದು ಯಾವ ಕಾಲದ್ದು?" ಎಂದು ಕೇಳಿದನು. ಅವನ ತಾತನ ಕಾಲದಲ್ಲಿ ಒಂದು ಕುಡಿಕೆಯ ತುಂಬ ಅಂತಹವು ಸಿಕ್ಕಿದ್ದವಂತೆ. ಮಿಕ್ಕವೆಲ್ಲ ಮೂಸೆಗೆ ಹೋಗಿ ಕಾಲುಕಡಗವಾದವಂತೆ. ಉಳಿದ ಆ ಒಂದನ್ನು ಹುಣಸೆಹಣ್ಣು, ಬೂದಿಗಳಿಂದ ವರ್ಷ ವರ್ಷವೂ ತಿಕ್ಕಿ ಪೂಜೆಗೆ ಇಡುತ್ತಿದ್ದುದರಿಂದ ಎರಡು ಮುಖಗಳೂ ಕನ್ನಡಿಯಂತೆ ನುಣ್ಣಗಾಗಿದ್ದವು. ಸಿಕ್ಕಿದುದು ಕೆರೆಯಲ್ಲೋ ಹೊಲದಲ್ಲೋ ಎಂಬುದನ್ನು ಮನೆಯಲ್ಲಿ ಬಲ್ಲವರು ಯಾರೂ ಉಳಿದಿರಲಿಲ್ಲ. ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ, ಸ್ಥಳವೂ ಇಲ್ಲ. ಹುಡುಗನ ಪ್ರಶ್ನೆಗೆ ಉತ್ತರ ಕೊಡುವವರು ಇನ್ನು ಲೋಕದಲ್ಲಿ ಯಾರೂ ಇಲ್ಲ. ಆ ಮನೆಯವರು ಭಕ್ತಿಯಿಂದಲೇ ಹಾಗೆ ಮಾಡಿದರು, ಅವರನ್ನು ದೂರುವಂತಿಲ್ಲ. ತಿಳಿಯಹೇಳುವವರು ಹತ್ತಿರದಲ್ಲಿ ಇರಲಿಲ್ಲ, ಅಷ್ಟೆ.

ನಮ್ಮ ಸೀಮೆಯು ಕೆರೆಗಳ ಸೀಮೆ, ತೆಂಗು ಅಡಕೆಗಳ ಸೀಮೆ. ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆಯುವಾಗ, ಗುಬ್ಬಿಯ ಕಡೆ ಹೊಸ ತೋಟಕ್ಕೆ ಗುಂಡಿ ತೋಡುವಾಗ, ತುಮಕೂರಿನಲ್ಲಿ ಹಳೆಯ ಮನೆಯನ್ನು ಕೆಡವಿ ತಳಪಾಯವನ್ನು ತೆಗೆಯುವಾಗ ಯಾರ ಗುದ್ದಲಿಗೆ ಏನು ತಗಲುವುದೆಂದು ಹೇಳಲಾಗದು. ಅದು ರೋಮನರದಾಗಲಿ, ಗಂಗರದಾಗಲಿ, ಮೈಸೂರಿನ ದೊರೆಗಳದಾಗಲಿ, ಮಾಡತಕ್ಕದ್ದು ಒಂದೇ. ಸಿಕ್ಕ ವಸ್ತುವನ್ನು ತೊಳೆಯಬಾರದು, ತಿಕ್ಕಬಾರದು, ಹಂಚಿಕೊಳ್ಳಬಾರದು. ಕುಡಿಕೆಯ ಚೂರುಗಳನ್ನೂ ಎಸೆಯದೆ ಜೊತೆಯಲ್ಲಿಡಬೇಕು. ಯಾವ ಹೊಲ, ಎಷ್ಟು ಆಳ, ಯಾವ ದಿನ ಎಂಬುದನ್ನು ಒಂದು ಕಾಗದದಲ್ಲಿ ಬರೆಯಬೇಕು. ಬಳಿಕ ತಾಲ್ಲೂಕು ಕಚೇರಿಗೆ ಹೋಗಿ ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ನಿಧಿಯನ್ನು ಕಂಡವರು ಸರ್ಕಾರಕ್ಕೆ ತಿಳಿಸತಕ್ಕದ್ದೆಂದು ನಮ್ಮ ರಾಜ್ಯದ ೧೯೬೨ರ ಕಾಯಿದೆಯ ಕಟ್ಟಳೆಯೂ ಇದೆ.

ನೆಲದಲ್ಲಿ ಏನೂ ಸಿಕ್ಕದವರಿಗೂ ಒಂದು ಕೆಲಸವುಂಟು. ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಒಂದೆರಡು ಹಳೆಯ ನಾಣ್ಯಗಳೂ, ಹಿರಿಯ ಹೆಂಗಸರ ಕೊರಳಿನಲ್ಲಿ ಕಾಸಿನ ಸರವೋ ಪುತಳಿ ಸರವೋ ಇರುವುದುಂಟು. ಹೊಸ ಒಡವೆಗಾಗಿ ಅವನ್ನು ಅಕ್ಕಸಾಲಿಗರ ಬಳಿಗೆ ಒಯ್ಯುವ ಮೊದಲು, ಮನೆಯ ಹಿರಿಯರ ಬಳಿ ಕುಳಿತು ಒಂದೊಂದನ್ನೂ ತೋರಿಸಿ ಅದರ ಹೆಸರನ್ನೂ, ಬಂದ ಬಗೆಯನ್ನೂ ಕೇಳಿ ಬರೆದುಕೊಳ್ಳಬೇಕು. ಚಿನ್ನಬೆಳ್ಳಿಗಳಿಗೆ ಅಂಗಡಿಯಲ್ಲಿ ಇಂದಿನ ಧಾರಣೆಯಂತೆ ಬೆಲೆ ಬರುತ್ತದೆ, ನಾಳೆಯೂ ಬರುತ್ತದೆ. ಹೆಸರನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿದರೆ ಮಾತ್ರ ಹೆಸರು ಸಿಕ್ಕುತ್ತದೆ.